ಮಾವನವರ ಹಣೆಯಲ್ಲೊಂದು ಘಾಟಿ

ದೇವರ ಹತ್ತಿರ ನಾನು ದೊಡ್ಡದೇನನ್ನೂ ಕೇಳುವವಳಲ್ಲ. ಬೆಳಿಗ್ಗೆ ಲಿಂಗಪೂಜೆಗೆ ಕುಳಿತಾಗ ನನ್ನ ಬೇಡಿಕೆಗಳು ಅಡಿಗೆಮನೆಯ ಹೊಸ್ತಿಲು ದಾಟುವುದಿಲ್ಲ. ಇವತ್ತು ಹಾಲು ಒಡೆಯದಿರಲಿ, ನಳ ಬರುವ ಹೊತ್ತಿಗೆ ನಾನು ಮನೆಯಲ್ಲೇ ಇರಲಿ, ಜೋಳದ ಹಿಟ್ಟಿಗೆ ಜಿಗಿ ಇದ್ದು ರೊಟ್ಟಿ ಅಂಚು ಹರಿಯದಿರಲಿ, ಇಷ್ಟೇ. ಸಂಜೆ ದೀಪ ಹಚ್ಚುವಾಗ ಇವುಗಳಲ್ಲಿ ಯಾವುದು ಸಿಕ್ಕಿತು ಎಂದು ನೆನಪು ಮಾಡಿಕೊಂಡು ಅದಕ್ಕೆ ಕೈಮುಗಿಯುತ್ತೇನೆ. ಸಿಗದಿದ್ದುದರ ಬಗ್ಗೆ, ಪಾಪ, ಅವನಿಗೂ ಕೆಲಸ ಬಹಳ ಎಂದು ಸುಮ್ಮನಾಗುತ್ತೇನೆ. ಸಣ್ಣದನ್ನು ಕೇಳುವುದರಲ್ಲಿ ಒಂದು ಸುಖವಿದೆ ನೋಡಿ. ಕೊಟ್ಟರೆ ಸಂತೋಷ, ಕೊಡದಿದ್ದರೆ ಜಗಳವಿಲ್ಲ. ಇಂಥ ನಾನು ಜೀವನದಲ್ಲಿ ಒಂದೇ ಒಂದು ಸಲ ದೊಡ್ಡದನ್ನು ಕೇಳಿದೆ, ಅದೂ ನನ್ನ ಚಹಾವನ್ನು ಒತ್ತೆಯಿಟ್ಟು. ಆಮೇಲೆ ಪಟ್ಟ ಪಾಡನ್ನು ಯಾರಿಗಾದರೂ ಹೇಳದಿದ್ದರೆ ನನಗೆ ಊಟ ಜೀರ್ಣವಾಗುವುದಿಲ್ಲ.

ಕೇಳಿದ್ದು ಏನೆಂದರೆ, ನಮ್ಮ ಅತ್ತೆ ಮನೆಯೊಳಗೆ ಬಂದು ಮಲಗಲಿ ಎಂದು. ಇದೇನು ಮಹಾ ಎಂದು ನಿಮಗೆ ಅನ್ನಿಸಬಹುದು. ನಮ್ಮದು ಗಡಿಯಾಚೆ, ಮರಾಠಿ ಸೀಮೆಯ ಉಮರ್ಗಾ. ಭೂಕಂಪವಾಗಿ ಐದಾರು ಚಳಿಗಾಲ ಕಳೆದಿದ್ದರೂ ಅತ್ತೆ ಅಂಗಳದ ತಗಡಿನ ಪತ್ರಾದ ಶೆಡ್ಡಿನಲ್ಲೇ ಮಲಗುತ್ತಿದ್ದರು. ಆ ಬೆಳಗಿನ ಜಾವದ ಬಗ್ಗೆ ತಮಾಷೆ ಮಾಡುವ ಬಾಯಿ ನನಗಿಲ್ಲ. ಸುತ್ತ ಊರಿಗೆ ಊರೇ ಮಣ್ಣಾಗಿದ್ದವು. ನಮ್ಮ ಮನೆಯಲ್ಲಿ ಒಂದು ಗೋಡೆ ಬಿರುಕು ಬಿಟ್ಟಿತು, ಒಂದು ಫೋಟೋ ಬಿತ್ತು, ಅಷ್ಟೇ. ಅದಕ್ಕಾಗಿ ಇವತ್ತಿಗೂ ದಿನಾ ಒಂದು ಬಿಲ್ವದಳ ಹೆಚ್ಚು ಏರಿಸುತ್ತೇನೆ. ಆದರೆ ಆ ಫೋಟೋ ಬಿದ್ದ ಜಾಗವೇ ನಮಗೆ ಮುಳುವಾಯಿತು. ಅದು ತೀರಿಹೋದ ಮಾವನವರ ಫೋಟೋ. ನಡುಮನೆಯ ಗೋಡೆಗೆ ತೂಗುಹಾಕಿತ್ತು, ಅದರ ಕೆಳಗೇ ಅತ್ತೆಯ ಹಾಸಿಗೆ. ನೆಲ ಗುಡುಗಿದ್ದಕ್ಕೆ ಅತ್ತೆ ಎದ್ದು ಕುಳಿತರು, ಅದೇ ಗಳಿಗೆಗೆ ಮಾವನವರು ಮೊಳೆ ಬಿಟ್ಟು ನೇರ ತಲೆದಿಂಬಿನ ಮೇಲೆ ಬಂದರು. ಗಾಜು ಪುಡಿಪುಡಿ. ಅತ್ತೆ ಫೋಟೋ ಎತ್ತಿಕೊಂಡು ಹೊರಗೆ ಓಡಿದವರು ಮತ್ತೆ ಒಳಗೆ ಮಲಗಲಿಲ್ಲ. ಹೆದರಿಕೆಯೇ ಎಂದು ಕೇಳಿದರೆ ಸಿಟ್ಟು.

"ನಾ ಯಾಕ ಅಂಜಲಿ? ಅವರೇ ಜಿಗಿದು ಬಂದು ನನ್ನ ಹೊರಗ ಕಳಿಸ್ಯಾರ. ಅವರೇ ಕರೀಲಿ, ಒಳಗ ಬರ್ತೀನಿ."

ತೀರಿಹೋದವರನ್ನು ಕರೆಯಿಸುವುದು ಹೇಗೆ? ಊಟಕ್ಕೆ ಒಳಗೆ ಬರುತ್ತಿದ್ದರು, ಪೂಜೆಗೆ ಬರುತ್ತಿದ್ದರು, ನನ್ನ ಪಲ್ಯದಲ್ಲಿ ಉಪ್ಪು ಹೆಚ್ಚಾಗಿದೆ ಎಂದು ಹೇಳಲು ಕರೆಯದೆಯೂ ಬರುತ್ತಿದ್ದರು. ಕಣ್ಣು ಮುಚ್ಚುವುದಕ್ಕೆ ಮಾತ್ರ ಶೆಡ್ಡು. ನಾವು ಮಾಡದ ಉಪಾಯವಿಲ್ಲ. ಮನೆಗೆ ಬಂದ ಅಯ್ಯನವರ ಬಾಯಿಂದ ಹೇಳಿಸಿದೆವು. "ಅಯ್ನೋರ, ನಿಮಗ ಹೇಳಿಕೊಟ್ಟದ್ದು ಸೊಸಿನೋ ಮಗನೋ?" ಎಂದು ಅತ್ತೆ ಕೇಳಿದ್ದಕ್ಕೆ ಅಯ್ಯನವರು ಪ್ರಸಾದ ಕೊಟ್ಟು ಎದ್ದುಬಿಟ್ಟರು. ಉದಗೀರಿನಿಂದ ನನ್ನ ನಾದಿನಿ ಬಂದು, "ಅವ್ವಾ, ಅಪ್ಪಾರು ನನ್ನ ಕನಸಿನ್ಯಾಗ ಬಂದಿದ್ರು. ನಿಮ್ಮವ್ವಗ ಒಳಗ ಹೋಗು ಅನ್ನು ಅಂದ್ರು," ಎಂದು ಕಣ್ಣಲ್ಲಿ ನೀರು ತಂದುಕೊಂಡು ಹೇಳಿದಳು. ಅತ್ತೆ ಎಲೆಗೆ ಸುಣ್ಣ ಹಚ್ಚುತ್ತಲೇ, "ಹೌದಾ? ಉದಗೀರಿನ ತನಕ ಬಂದವರಿಗಿ ಉಮರ್ಗಾ ದೂರ ಆಯ್ತೇನು? ನಾ ಇಲ್ಲಿ ಇರ್ಲಕತ್ತೀನಿ, ನಿನ್ನ ಕನಸಿನ್ಯಾಗ ಯಾಕ ನಿರೋಪ ಇಡ್ತಾರ?" ಎಂದರು. ನಾದಿನಿ ಕಣ್ಣೀರು ಒರೆಸಿಕೊಂಡು ಮರುದಿನದ ಬಸ್ಸಿಗೇ ಹೋದಳು.

ಆ ವರ್ಷ ದೀಪಾವಳಿಯ ಹೊತ್ತಿಗೆ ಅತ್ತೆಗೆ ಕೆಮ್ಮು ಶುರುವಾಯಿತು. ಚಳಿಯಲ್ಲಿ ಪತ್ರಾ ಬೆಳಗಿನ ಜಾವಕ್ಕೆ ಎಷ್ಟು ತಣ್ಣಗಾಗುತ್ತದೆಂದರೆ, ಒಳಗಿನಿಂದ ಹನಿ ಬೀಳುತ್ತದೆ. ಡಾಕ್ಟರು ಎದೆಗೆ ನಳಿಗೆ ಇಟ್ಟು ನೋಡಿ, "ಈ ಥಂಡಿ ಹೊರಗ ಕಳದ್ರ ಎದಿ ತಡಿಯೂದಿಲ್ಲ ನೋಡ್ರಿ," ಎಂದು ನಮ್ಮನ್ನು ಬದಿಗೆ ಕರೆದು ಹೇಳಿದರು. ಮನೆಗೆ ಬಂದು ಲಿಂಗಕ್ಕೆ ನೀರು ಎರೆಯುವಾಗ ನನ್ನ ಬಾಯಿಂದ ತಾನೇ ಬಂತು: ಅತ್ತೆ ಒಳಗೆ ಮಲಗುವ ತನಕ ಚಹಾ ಕುಡಿಯುವುದಿಲ್ಲ. ಹೇಳಿ ಮುಗಿಸಿದ ಮೇಲೆ ಕಣ್ಣು ಬಿಟ್ಟೆ. ಹಾಲು ಬಿಡುತ್ತೇನೆ ಎನ್ನಬಹುದಿತ್ತು, ಬದನೆಕಾಯಿ ಬಿಡುತ್ತೇನೆ ಎನ್ನಬಹುದಿತ್ತು. ಆದರೆ ದೇವರ ಮುಂದೆ ಆಡಿದ್ದನ್ನು ಅಂಗಡಿಯ ಅರಿವೆಯಂತೆ ಬದಲಾಯಿಸಿ ಕೊಡಿ ಎನ್ನಲು ಬರುವುದಿಲ್ಲ. ನಮ್ಮ ಕಡೆ ಚಹಾ ಬಿಡುವುದೆಂದರೆ ಮಂದಿಯನ್ನೇ ಬಿಟ್ಟಂತೆ. ಯಾರ ಮನೆಗೆ ಹೋದರೂ ಚಹಾದ ಬಸಿ ಕೈಗೆ ಬರುತ್ತದೆ, ಬೇಡವೆಂದರೆ ಮುಖ ಬಾಡುತ್ತದೆ. ಪಕ್ಕದ ಮನೆಯ ಮರಾಠಿಯ ಮಾಲನ್‌ಬಾಯಿಯಂತೂ ನನ್ನ ಹಣೆ ಮುಟ್ಟಿ ನೋಡಿ, "ಅಗ ಬಾಯಿ, ಚಹಾ ನಕೋ? ತಾಪ ಆಲಾ ಕಾ ತುಲಾ?" ಎಂದು ಜ್ವರದ ಗುಳಿಗೆ ತಂದುಕೊಟ್ಟಳು.

ಇದರ ನಡುವೆ ನಮ್ಮ ಮನೆಗೆ ಗುಡ್ಡಗಳು ಹೇಗೆ ಬಂದವೆಂದು ಇನ್ನು ಹೇಳುತ್ತೇನೆ. ನಮ್ಮ ಮನೆಯವರದು ಅರಿವೆ ಅಂಗಡಿ. ಅಂಗಡಿಯ ಲೆಕ್ಕಕ್ಕೆಂದು ಕಂಪ್ಯೂಟರ್ ತಂದರು. ಅಂಗಡಿಯಲ್ಲಿ ನೂಲಿನ ಧೂಳು ಎಂದು ನಡುಮನೆಯಲ್ಲಿ, ಅತ್ತೆಯ ಹಾಸಿಗೆ ಇರುತ್ತಿದ್ದ ಜಾಗದಲ್ಲೇ, ಮಾವನವರ ಮೊಳೆಯ ಕೆಳಗೇ ಇಟ್ಟರು. ಲೆಕ್ಕ ಎಲ್ಲಿಗೆ ಬಂತೋ ಗೊತ್ತಿಲ್ಲ. ಯಾವುದೋ ಪತ್ರಿಕೆಯ ಜೊತೆ ಒಂದು ಸಿ.ಡಿ. ಪುಕ್ಕಟೆ ಬಂತು, ಅದರಲ್ಲಿ ಗುಡ್ಡ ಮಾಡುವ ಪ್ರೋಗ್ರಾಮ್ ಇತ್ತು, ಅಲ್ಲಿಗೆ ಮುಗಿಯಿತು. ನಮ್ಮ ಸೀಮೆಯಲ್ಲಿ ಎಲ್ಲಿ ನಿಂತು ನೋಡಿದರೂ ಕರಿ ನೆಲ ಚಾಪೆ ಹಾಸಿದ ಹಾಗೆ. ಸುಗ್ಗಿಯಲ್ಲಿ ಪಕ್ಕದ ಮುರುಮ ಊರಿನ ಅಡತಿ ಅಂಗಡಿಯ ಮುಂದೆ ತೊಗರಿ ರಾಶಿ ಹಾಕುತ್ತಾರಲ್ಲ, ನಾವು ಕಂಡ ಎತ್ತರವೆಂದರೆ ಅದೇ. ಗುಡ್ಡ ಕಾಣದೆ ಬೆಳೆದ ಮನುಷ್ಯನ ಕೈಗೆ ಗುಡ್ಡ ಮಾಡುವ ಯಂತ್ರ ಸಿಕ್ಕರೆ ಇನ್ನೇನಾದೀತು?

ಇದಕ್ಕೆ ಫ್ರಾಕ್ಟಲ್ ಎನ್ನುತ್ತಾರಂತೆ. ನನಗೆ ಗೊತ್ತಾಗಲೆಂದು ಅವರು ಬೇಸಿಗೆಯ ಹೊಲವನ್ನು ನೆನಪಿಸಿದರು. ಕರಿ ನೆಲ ಬಿರಿದಾಗ ದೊಡ್ಡ ಬಿರುಕಿಗೆ ಸಣ್ಣ ಬಿರುಕು, ಸಣ್ಣದಕ್ಕೆ ಇನ್ನೂ ಸಣ್ಣದು, ಹತ್ತಿರ ಹೋದಷ್ಟೂ ಅದೇ ನಮೂನೆ ಸಿಗುತ್ತದಲ್ಲ, ಹಾಗೆ. ಒಂದು ಚೌಕ ತೆಗೆದುಕೊಂಡು ನಡುವನ್ನು ಸ್ವಲ್ಪ ಎತ್ತುವುದು, ಅದನ್ನು ನಾಲ್ಕು ಮಾಡಿ ಒಂದೊಂದರ ನಡುವನ್ನೂ ಇನ್ನಷ್ಟು ಸ್ವಲ್ಪ ಎತ್ತುವುದೋ ಇಳಿಸುವುದೋ, ಹೀಗೇ ಮಾಡುತ್ತ ಹೋದರೆ ಪರದೆಯ ಮೇಲೆ ಮೋಡದಂಥ ಕಪ್ಪು ಬಿಳುಪಿನ ಕಲೆ ಬರುತ್ತದೆ. ಆಮೇಲೆ ಬಿಳಿ ಇದ್ದಲ್ಲಿ ಎತ್ತರ, ಕಪ್ಪು ಇದ್ದಲ್ಲಿ ತಗ್ಗು ಎಂದು ಯಂತ್ರಕ್ಕೆ ಹೇಳಬೇಕು. ಅದು ಒಂದು ತಂತಿಯ ಬಲೆಯನ್ನು ಎತ್ತಿ ತಗ್ಗಿಸಿ, ಅದರ ಮೇಲೆ ಅಂಗಡಿಯ ತಾನಿನ ಸುರುಳಿಯಿಂದ ಅರಿವೆ ಬಿಚ್ಚಿ ಹೊದಿಸಿದಂತೆ ಬಣ್ಣ ಹೊದಿಸುತ್ತದೆ. ತಗ್ಗಿಗೆ ನೀಲಿ ನೀರು, ಅದರ ಮೇಲೆ ಹಸಿರು, ಆಮೇಲೆ ಕಂದು, ತುದಿಗೆ ಹಿಮ. ಇದೆಲ್ಲ ಕೇಳಿ ನಾನು, "ಅಂದರ ಹಂಚಿನ ಮ್ಯಾಲ ಹಿಟ್ಟು ಚೆಲ್ಲಿದಂಗ ಅಲ್ಲೇನ್ರಿ, ಹಿಟ್ಟು ಇದ್ದಲ್ಲಿ ಉಬ್ಬು?" ಎಂದೆ. ಅವರು ಹೌದೆಂದರು, ಆದರೆ ಮುಖ ಸಣ್ಣದಾಯಿತು. ಭೂಕಂಪದ ಗೋಡೆಯ ಬಿರುಕಿಗೆ ಸಿಮೆಂಟ್ ಹಾಕಿಸಿರೆಂದು ನಾನು ಹೇಳದ ಹಬ್ಬವಿಲ್ಲ. ಆಗ ಕಿವಿಗೆ ಹಾಕಿಕೊಳ್ಳದವರು ಈಗ ಅದರ ಮುಂದೆ ಕೈಕಟ್ಟಿ ನಿಂತು, "ನೋಡು ಗೌರಾ, ನದಿ, ಉಪನದಿ, ಹಳ್ಳ! ಅಸ್ಸಲ್ ಫ್ರಾಕ್ಟಲ್ ಅದ. ಇದಕ್ಕ ಸಿಮೆಂಟ್ ಬಡಿಯೂದಾ?" ಎಂದರು. ಸೋಮಾರಿತನಕ್ಕೂ ಶಾಸ್ತ್ರದ ಆಧಾರ ಸಿಕ್ಕಿಬಿಟ್ಟಿತು.

ಯಂತ್ರ ಗುಡ್ಡವನ್ನು ಒಮ್ಮೆಗೇ ಬಿಡಿಸುವುದಿಲ್ಲ. ಮೇಲಿನಿಂದ ಒಂದೊಂದೇ ಗೆರೆಯಾಗಿ, ನೇಕಾರ ಸೀರೆ ನೇಯ್ದಂತೆ ಇಳಿಸುತ್ತ ಬರುತ್ತದೆ. ಪೂಜೆಗೆ ಕುಳಿತಾಗ ಬರೀ ಆಕಾಶ, ರೊಟ್ಟಿ ಮುಗಿಯುವಾಗ ಒಂದೆರಡು ಶಿಖರ, ಮಧ್ಯಾಹ್ನ ದಾಟಿದ ಮೇಲೆ ಕೆರೆಯ ದಡ. ನಡುವೆ ಕರೆಂಟ್ ಹೋದರೆ ಎಲ್ಲ ಮಾಯ, ಮತ್ತೆ ಆಕಾಶದಿಂದ ಶುರು. ಕರೆಂಟ್ ಇದ್ದರೂ ನಾನು ಮಿಕ್ಸರ್ ಹಚ್ಚಿದರೆ ಬೆಳಕು ಕುಗ್ಗಿ ಯಂತ್ರ ತಲೆತಿರುಗಿ ಬೀಳುತ್ತಿತ್ತು. ಆದ್ದರಿಂದ ಗುಡ್ಡ ಬೆಳೆಯುವಾಗ ಮಿಕ್ಸರ್ ಇಲ್ಲ, ಇಸ್ತ್ರಿ ಇಲ್ಲ ಎಂದು ಕಾಯ್ದೆಯಾಯಿತು. ಶೇಂಗಾ ಹಿಂಡಿಯನ್ನು, ಅದೇ ಚಟ್ನಿಪುಡಿಯನ್ನು, ಒಳಕಲ್ಲಿಗೆ ಹಾಕಿ ಕುಟ್ಟತೊಡಗಿದೆ. ಚಹಾ ಇಲ್ಲದ ಸಿಟ್ಟೆಲ್ಲ ಆ ಒನಕೆಗೆ ಇಳಿದು, ಗೋಡೆಯ ಮಾಡದಲ್ಲಿನ ಪಾತ್ರೆಗಳು ಕಿಣಿಕಿಣಿ ಎನ್ನುತ್ತಿದ್ದವು. ಮಾಲನ್‌ಬಾಯಿ ಒಮ್ಮೆ ಗಾಬರಿಯಾಗಿ ಬೀದಿಗೇ ಓಡಿದಳು. ಶೆಡ್ಡಿನಿಂದ ಅತ್ತೆ, "ಏ ಮಾಲನಾ, ತಿರಗಿ ಬಾ! ಅದು ನಮ್ಮ ಸೊಸಿ. ಭೂಕಂಪದ ಸಪ್ಪಳ ಇಷ್ಟು ಸಿಟ್ಟಿಂದು ಇರೂದಿಲ್ಲ," ಎಂದು ಕೂಗಿ ಕರೆದರು.

ಸಂಕ್ರಾಂತಿ ಹತ್ತಿರ ಬಂತು. ಕೆಮ್ಮು ಹೆಚ್ಚಾಯಿತು, ಥಂಡಿಯೂ ಹೆಚ್ಚಾಯಿತು. ಹಬ್ಬಕ್ಕೆ ಮಾವನವರ ಫೋಟೋಕ್ಕೆ ಹೊಸ ಗಾಜು ಹಾಕಿಸುತ್ತೇನೆಂದು ನಮ್ಮ ಮನೆಯವರು ಅತ್ತೆಯ ಟ್ರಂಕಿನಿಂದ ಅದನ್ನು ಕೇಳಿ ತೆಗೆದುಕೊಂಡರು. ಗಾಜಿನ ನೆಪದಲ್ಲಿ ಬೇರೊಂದು ಆಸೆಯಿತ್ತೆಂದು ಆಮೇಲೆ ಗೊತ್ತಾಯಿತು. ಬಿಳಿ ಎತ್ತರ, ಕಪ್ಪು ತಗ್ಗು ಎನ್ನುವ ಯಂತ್ರಕ್ಕೆ ಕಲೆ ಮೋಡದ್ದೋ ಮುಖದ್ದೋ ಏನು ಗೊತ್ತು? ಫೋಟೋ ಸ್ಟುಡಿಯೋದಲ್ಲಿ ಅದನ್ನು ಕಂಪ್ಯೂಟರಿಗೆ ಏರಿಸಿ ಫ್ಲಾಪಿಯಲ್ಲಿ ತಂದಿದ್ದರು. ಮರುದಿನ ಬೆಳಿಗ್ಗೆ ನಾನು ಕಸ ಗುಡಿಸುತ್ತ ನಡುಮನೆಗೆ ಬಂದರೆ, ಪರದೆಯಲ್ಲಿ ನೀಲಿ ಆಕಾಶದ ಕೆಳಗೆ ಒಂದು ದೊಡ್ಡ ಹಿಮದ ದಿಬ್ಬ. ಚುಂಗು ಬಿಟ್ಟು ತಲೆಗೆ ಸುತ್ತಿದ ರುಮಾಲಿನ ಹಾಗಿತ್ತು. ರುಮಾಲೇ ಆಗಿತ್ತು!

"ರೀ, ಯಾರನ್ನ ಗುಡ್ಡ ಮಾಡ್ಲಕತ್ತೀರಿ ನೀವು?"

"ಅಪ್ಪಾರನ್ನ."

ಪೊರಕೆ ಕೈಯಿಂದ ಜಾರಿತು. "ಶಿವಶಿವಾ! ದೊಡ್ಡವರ ಮುಖದ ಮ್ಯಾಲ ಹುಲ್ಲು ಬೆಳಸ್ತೀರೇನ್ರಿ? ಮಾವಾರ ಕಣ್ಣಾಗ ನೀರು ನಿಂದ್ರಸ್ತೀರೇನ್ರಿ?"

"ಕಣ್ಣು ಕರಿ ಅವ, ನೀರು ನಿಂದ್ರೂದೇ. ನಾ ಏನ್ ಮಾಡಲಿ?"

ನಮ್ಮ ಗದ್ದಲಕ್ಕೆ ಅತ್ತೆ ಕೆಮ್ಮುತ್ತ ಒಳಗೆ ಬಂದರು. ಗಾಜು ಹಾಕಿಸಿದ ಫೋಟೋ ಎಲ್ಲಿ ಎಂದು ಕೇಳಲು ಬಂದವರು, ರುಮಾಲು ಕಂಡು ಅಲ್ಲೇ ನಿಂತರು. ಮಗ ತಡವರಿಸುತ್ತ, ಫೋಟೋ ನಾಳೆ ಬರುತ್ತದೆ, ಇದು ಅದೇ ಫೋಟೋದ ಗುಡ್ಡ, ಬಿಳಿ ಇದ್ದಲ್ಲಿ ಎತ್ತರ ಎಂದು ಹೇಳಿದರು. ಈಗ ಬೈಗುಳ ಬೀಳುತ್ತದೆ, ಇನ್ನು ಅವರು ಊಟಕ್ಕೂ ಒಳಗೆ ಬರುವುದಿಲ್ಲ, ನನ್ನ ಚಹಾ ಈ ಜನ್ಮಕ್ಕಿಲ್ಲ ಎಂದು ನಾನು ಕಣ್ಣು ಮುಚ್ಚಿದೆ. ಆದರೆ ಅತ್ತೆ ಚಾಪೆ ಎಳೆದುಕೊಂಡು ಪರದೆಯ ಮುಂದೆ ಕುಳಿತರು. "ಚನ್ನ್ಯಾ, ರುಮಾಲು ಬಂತು, ಉಳಿದವರು ಯಾವಾಗ ಬರ್ತಾರ?" ಎಂದಷ್ಟೇ ಕೇಳಿದರು.

ಉಳಿದವರು ಗೆರೆಗೆರೆಯಾಗಿ ಬಂದರು. ರುಮಾಲಿನ ಕೆಳಗೆ ಹಣೆಯ ವಿಭೂತಿ ಮೂರು ಸಾಲು ಹಿಮಪರ್ವತಗಳಾಗಿ ಇಳಿಯತೊಡಗಿತು. ನನ್ನ ಕೈ ತಾನೇ ಮುಗಿದುಕೊಂಡಿತು. ನಾನು ದಿನಾ ಹಚ್ಚಿಕೊಳ್ಳುವ ಬೂದಿಗೆ ಇಷ್ಟು ಎತ್ತರವಿದೆ ಎಂದು ಯಾರಿಗೆ ಗೊತ್ತಿತ್ತು? ಮೊದಲ ಸಾಲು ಈ ಕಿವಿಯಿಂದ ಆ ಕಿವಿಯ ತನಕ ಗೋಡೆ ಕಟ್ಟಿದಂತೆ. ಎರಡನೆಯ ಸಾಲು ಮಾತ್ರ ನಡುಹಣೆಗೆ ಬಂದು ಮುರಿದು, ಸ್ವಲ್ಪ ಜಾಗ ಬಿಟ್ಟು, ಮತ್ತೆ ಎದ್ದಿತ್ತು. ಮೂರನೆಯದು ಪೂರಾ ಇತ್ತು. ನಮ್ಮ ಮನೆಯವರು ಹುಬ್ಬು ಗಂಟಿಕ್ಕಿದರು.

"ಇಲ್ಲಿ ಗಾಜು ಚುಚ್ಚಿ ಫೋಟೋ ಖರಾಬ ಆಗ್ಯಾದ. ಬಿಳಿ ತುಂಬಿ ಸರಿ ಮಾಡ್ತೀನಿ. ಮತ್ತ ಮೊದಲಿಂದ ಹಚ್ಚಬೇಕು, ಅಷ್ಟೇ."

"ಮುಟ್ಟು, ಕೈ ಮುರೀತೀನಿ," ಎಂದರು ಅತ್ತೆ. ಮಗ ಕೈ ಹಿಂದಕ್ಕೆ ತೆಗೆದುಕೊಂಡರು. ಮೊಮ್ಮಕ್ಕಳು ಬರುವ ವಯಸ್ಸಿನ ಮನುಷ್ಯ, ಆದರೂ ತೆಗೆದುಕೊಂಡರು.

ಅತ್ತೆ ನೆಲ ನೋಡುತ್ತ ಹೇಳಿದರು. "ಅಂಗಡಿ ಬಾಗಿಲದಾಗ ಸಿಕ್ಕು ಅವರ ನಡುಬೆರಳಿನ ತುದಿ ಹೋಗಿತ್ತು, ನೀ ಹುಟ್ಟೂಕಿಂತ ಮೊದಲ. ಮೂರು ಬೆರಳಿಲೆ ಈಬತ್ತಿ ಎಳದ್ರ ನಡುವಿನ ಗೆರಿ ಅಲ್ಲೇ ತಪ್ಪತಿತ್ತು. ದಿನಾ ನಾನೇ ತುಂಬತಿದ್ದೆ, ನನ್ನ ಬೆರಳಿಲೆ. ಹೊರಗಿನವರ್ಯಾರಿಗೂ ಗೊತ್ತಿಲ್ಲ."

"ಮತ್ತ ಫೋಟೋದಾಗ ಯಾಕ ತುಂಬಿಲ್ರಿ, ಅತ್ತಿ?" ಎಂದೆ ನಾನು.

"ಆವತ್ತ ನಾ ಗುಂಜೋಟಿಗಿ ತವರಿಗಿ ಹೋಗಿದ್ದೆ. ಕೇಳದೆ ಹೋಗಿದ್ದೆ, ಜಗಳಾಡಿ. ಅವರು ಸಿಟ್ಟಿಲೆ ಹಂಗೇ ಹೋಗಿ ಕುಂತು ತೆಗಿಸ್ಕೊಂಡು ಬಂದಾರ." ಮುದುಕಿಯ ಮುಖದ ಮೇಲೆ ಹೊಸ ಸೊಸೆಯ ಸಣ್ಣ ನಗೆಯೊಂದು ಬಂದು ಹೋಯಿತು. ಆ ಫೋಟೋಕ್ಕೆ ನಾನು ಎಷ್ಟು ವರ್ಷ ಹೂವೇರಿಸಿದ್ದೆ, ಧೂಳು ಒರೆಸಿದ್ದೆ. ಹಣೆಯ ಮೇಲೆ ಒಂದು ಕಡೆ ಬೂದಿ ಇಲ್ಲವೆಂದು ಒಮ್ಮೆಯೂ ಕಂಡಿರಲಿಲ್ಲ. ಗುಡ್ಡವಾದ ಮೇಲೆ ಕುರುಡರಿಗೂ ಕಾಣುವಂತಿತ್ತು.

ಅತ್ತೆ ಪರದೆಯತ್ತ ಬೆರಳು ಮಾಡಿದರು. "ಚನ್ನ್ಯಾ, ಗುಡ್ಡದ ನಡುವ ಹಿಂಗ ಜಾಗಾ ಇದ್ದರ ಅದಕ್ಕೇನಂತಾರ?"

"ಘಾಟಿ ಅಂತಾರ, ಅವ್ವಾ. ಮಂದಿ ಅಲ್ಲಿಂದೇ ದಾಟಿ ಆ ಕಡಿಗಿ ಹೋಗ್ತಾರ."

"ಹೂಂ. ಅಂದರ ಹೋಗಾಕ ಬರಾಕ ಇಟ್ಟ ದಾರಿ," ಎಂದು ಅತ್ತೆ ತಮಗೆ ತಾವೇ ಹೇಳಿಕೊಂಡರು. ಕೆಳಗೆ ಕಣ್ಣುಗಳು ಎರಡು ಕೆರೆಗಳಾದವು, ಮೂಗು ಕಡಿದಾದ ಏಣಾಯಿತು. "ಇಷ್ಟು ಮೂಗು ಇರಲಿಲ್ಲ ಅವರಿಗಿ," ಎಂದು ಅತ್ತೆ ಒಂದು ತಕರಾರು ಎತ್ತಿದರು. ಕರಿ ಕೋಟು ಇಡಿಯಾಗಿ ಸಮುದ್ರದ ಪಾಲಾಗಿ, ಗುಂಡಿಗಳು ಸಾಲಾಗಿ ದ್ವೀಪಗಳಾದವು. ಕೊರಳಿನ ಬೆಳ್ಳಿಯ ಲಿಂಗದ ಕರಡಿಗೆ ಮಾತ್ರ ನೀರಿನ ನಡುವೆ ಒಂಟಿ ಶಿಖರವಾಗಿ ಬೆಳ್ಳಗೆ ನಿಂತಿತ್ತು. ನಾನು ಅದಕ್ಕೆ ಅಡ್ಡಬಿದ್ದೆ. ಏಳುವಷ್ಟರಲ್ಲಿ ಕರೆಂಟ್ ಹೋಗಿತ್ತು. ಮಾವನವರು, ಮೂಗು, ಸಮುದ್ರ, ಎಲ್ಲ ಕತ್ತಲೆ.

ಬೇರೆ ದಿನವಾಗಿದ್ದರೆ ನಮ್ಮ ಮನೆಯವರು ಕರೆಂಟ್ ಮಂಡಳಿಯವರ ಮೂರು ತಲೆಮಾರು ಎತ್ತುತ್ತಿದ್ದರು. ಆವತ್ತು ನಾನು ಅವರ ತೋಳು ಹಿಡಿದೆ. ಅತ್ತೆ ಕೈಯನ್ನೇ ದಿಂಬು ಮಾಡಿಕೊಂಡು ಚಾಪೆಯ ಮೇಲೆ ಒರಗಿದ್ದರು, ಕರೆಂಟ್ ಬರಲಿ ಎಂದು ಕಾಯುತ್ತ. ಕಾಯುತ್ತ ಕಣ್ಣು ಮುಚ್ಚಿದ್ದರು. ಮೊಳೆಯ ಕೆಳಗೆ, ಮೊದಲಿನ ಜಾಗದಲ್ಲೇ. ನಾನು ದುಪ್ಪಟಿ ತಂದು ಹೊದಿಸಿದೆ. ಇಬ್ಬರೂ ಉಸಿರು ಬಿಗಿಹಿಡಿದು, ಕಳ್ಳರ ಹಾಗೆ ಅಡಿಗೆಮನೆಗೆ ಸರಿದೆವು. ಹಾಲು ಉಕ್ಕಿಹೋದರೂ ಸಪ್ಪಳವಾದೀತೆಂದು ನಾನು ಪಾತ್ರೆ ಇಳಿಸಲಿಲ್ಲ. ಅದು ಉಕ್ಕುವುದನ್ನು ಕೈಕಟ್ಟಿ ನೋಡಿದ್ದು ಅದೇ ಮೊದಲು.

ಸಂಜೆ ದೀಪದ ಹೊತ್ತಿಗೆ ಅತ್ತೆ ಎದ್ದರು. ಮೊದಲು ಮೇಲೆ ಛತ್ತು ನೋಡಿದರು, ಆಮೇಲೆ ನಮ್ಮನ್ನು ನೋಡಿದರು.

"ಒಳಗೇ ಮಲಗಿದ್ನಾ?"

"ಹೌದ್ರಿ," ಎಂದೆ, ದೀಪದ ಬತ್ತಿ ತೀಡುತ್ತ.

ಅತ್ತೆ ಸೆರಗು ಸರಿಮಾಡಿಕೊಂಡರು. "ಹಿಂಗ್ಯಾಕ ಪಿಶಾಚಿ ಕಂಡವರಂಗ ನಿಂತೀರಿ? ದಾರಿ ಬಿಟ್ಟು ಕುಂತಾರ, ಕರದಂಗೇ ಆಯ್ತು. ಮತ್ತ ಮೊಳಿಗಿ ತೂಗುಬಿದ್ದವರು ಬೀಳ್ತಾರ. ಗುಡ್ಡ ಆಗಿ ಕುಂತವರು ಎಲ್ಲಿ ಬೀಳ್ತಾರ? ಹೋಗು, ನನ್ನ ಹಾಸಗಿ ತಾ."

ಹಾಸಿಗೆ ಒಳಗೆ ಬಂತು, ಕೆಮ್ಮು ದಿನಗಳೆದಂತೆ ಇಳಿಯಿತು. ಆದರೆ ದೇವರು ಏನಾದರೂ ಕೊಟ್ಟರೆ ಜೊತೆಗೆ ಸ್ವಲ್ಪ ಕೆಲಸವನ್ನೂ ಕೊಟ್ಟಿರುತ್ತಾನೆ. ಮೊದಲು ಗುಡ್ಡಕ್ಕೆ ಒಬ್ಬರ ಕಾವಲಿತ್ತು, ಈಗ ಇಬ್ಬರದಾಯಿತು. ನಾನು ಮಿಕ್ಸರಿನ ಹತ್ತಿರ ಸುಳಿದರೆ ಸಾಕು, "ಗೌರಾ, ನಿಮ್ಮ ಮಾವಾರು ಮೂಗಿನ ತನಾ ಬಂದಾರ, ತಡಿ!" ಎಂದು ಅತ್ತೆ ಹಾಸಿಗೆಯಿಂದಲೇ ಗದರುತ್ತಿದ್ದರು. ಸುದ್ದಿ ಕೇಳಿ ಮಾಲನ್‌ಬಾಯಿ ಗಂಡನ ಫೋಟೋ ತಂದಳು. ಅದಕ್ಕೆ ಸ್ಟುಡಿಯೋದವನ ಬೆಳಕು ಹೆಚ್ಚಾಗಿ ಬಡಿದಿತ್ತೋ ಏನೋ, ಎಲ್ಲ ಒಂದೇ ಬಿಳಿ. ದಿನವಿಡೀ ಕಾದ ಮೇಲೆ ಬಂದದ್ದು ಸಪಾಟಾದ ಒಂದು ಮೈದಾನ. ಆಕೆ ನೊಂದುಕೊಂಡಾಳೆಂದು ನಾವು ಮುಖ ಮುಖ ನೋಡಿಕೊಂಡರೆ, ಅವಳು ತಲೆಯಾಡಿಸಿ, "ಬರೋಬರ್ ಆಹೆ. ಘರೀ ಪಣ ಅಸಾಚ ಪಡಲೇಲಾ ಅಸತೋ," ಎಂದಳು. ಮನೆಯಲ್ಲೂ ಹೀಗೇ ಬಿದ್ದಿರುತ್ತಾನಂತೆ.

ಚಹಾದ ಮಾತು ಬಾಕಿ ಉಳಿಯಿತಲ್ಲ. ಅತ್ತೆ ಒಳಗೆ ಬಂದ ಮರುದಿನ ಲಿಂಗಕ್ಕೆ ಕೈಮುಗಿದು, ಶುಂಠಿ ಜಜ್ಜಿ ಹಾಕಿ, ಕೆನೆಹಾಲಿನ ಚಹಾ ಕಾಸಿದೆ. ಬಾಯಿಗೆ ಇಡಬೇಕು, "ಗೌರಾ, ನನ್ನ ಎಲಿ ಅಡಿಕಿ!" ಕೊಟ್ಟು ಬಂದೆ. "ಗೌರಾ, ಫ್ಲಾಪಿ ಎಲ್ಲಿ ಇಟ್ಟಿ?" ಹುಡುಕಿಕೊಟ್ಟು ಬಂದೆ. "ಗೌರಾ, ಗುಡ್ಡ ನಿಂತದ ನೋಡು!" ಗುಡ್ಡ ನಿಲ್ಲದೆ ಓಡುತ್ತದೆಯೇ ಎಂದುಕೊಳ್ಳುತ್ತ ಹೋಗಿ ಬಂದೆ. ಚಹಾ ತಣ್ಣಗಾಗಿ ಕೆನೆಗಟ್ಟಿತ್ತು. ಮತ್ತೆ ಬಿಸಿ ಮಾಡಿಕೊಂಡು, ಶೆಡ್ಡು ಗುಡಿಸಿ ಬರುತ್ತೇನೆಂದು ಹೇಳಿ, ಕಪ್ಪನ್ನು ಸೆರಗಿನಲ್ಲಿ ಮರೆಮಾಡಿ ಅಂಗಳ ದಾಟಿದೆ.

ಅತ್ತೆಯ ಹಗ್ಗದ ಮಂಚದ ಮೇಲೆ ಕುಳಿತೆ. ಪತ್ರಾದ ಸಂದಿನಿಂದ ಬೆಚ್ಚಗಿನ ಬಿಸಿಲಿನ ಪಟ್ಟೆಯೊಂದು ಸರಿಯಾಗಿ ಕಾಲ ಮೇಲೆ ಬೀಳುತ್ತಿತ್ತು. ಕೈಗೆಟುಕುವಲ್ಲಿ ಚುರುಮುರಿಯ ಡಬ್ಬಿ, ಅದರ ಹಿಂದೆ ಬೆಲ್ಲದ ಡಬ್ಬಿ. ಒಳಗಿನಿಂದ ಯಾರೋ ಕರೆದಿರಬೇಕು. ಆದರೆ ಗಾಳಿಗೆ ಪತ್ರಾ ಬಡಿಯುವ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ. ಒಂದು ಗುಟುಕು ಕುಡಿದೆ. ಎರಡನೆಯ ಗುಟುಕಿಗೆ ನನಗೆ ಅತ್ತೆಯ ಭೂಕಂಪ ಅರ್ಥವಾಯಿತು. ಮಾವನವರು ಹೊರಗೆ ಕಳಿಸಿದ್ದು ನಿಜವಿರಬಹುದು, ನಾನು ಅಲ್ಲಗಳೆಯುವುದಿಲ್ಲ. ಆದರೆ ಹೊರಗೆ ಇರುವುದು ಇಷ್ಟು ಹಾಯಾಗಿರುತ್ತದೆ ಎಂದು ಅತ್ತೆ ಇಷ್ಟು ವರ್ಷದಲ್ಲಿ ಒಂದು ದಿನವಾದರೂ ಬಾಯಿಬಿಟ್ಟರೇ?

ಹಬ್ಬ ಕಳೆದ ಮೇಲೆ ನಮ್ಮ ಮನೆಯವರು ಅಂಗಳದಲ್ಲಿ ನಿಂತು, "ಇನ್ನ ಈ ಶೆಡ್ಡು ಯಾಕ? ತೆಗಿಸಿಬಿಡಾಮ," ಎಂದರು.

ನಾನು ಹೋಗಿ ಶೆಡ್ಡಿಗೆ ಅಡ್ಡ ನಿಂತೆ. "ಇರ್ಲಿ ಬಿಡ್ರಿ," ಎಂದೆ, ನೆಲ ನೋಡುತ್ತ. "ನನಗೂ ಯಾಕೋ ಈಗೀಗ ಛತ್ತಿನ ಕೆಳಗ ಸ್ವಲ್ಪ ಅಂಜಿಕಿ ಬರ್ಲಕತ್ತದ. ಮಧ್ಯಾಹ್ನ ಹೊತ್ತಿನ್ಯಾಗ."

ನಡುಮನೆಯ ಕಿಟಕಿಯಿಂದ ಅತ್ತೆಯ ನಗು ಕೇಳಿಸಿತು. ಈಗ ಅದರಲ್ಲಿ ಕೆಮ್ಮಿರಲಿಲ್ಲ.

"ಅಂಜು, ಗೌರಾ, ಅಂಜು. ಖರೇ ಚಹಾ ಮುಗಿಯೂ ತನಾ ಅಷ್ಟೇ ಅಂಜಬೇಕು. ಮತ್ತ ನನ್ನ ಬೆಲ್ಲದ ಡಬ್ಬಿ ಮುಟ್ಟಬ್ಯಾಡ."